ಮಲಗಿದಾಕಿಯ ಬೆನ್ನು

ಕಮಲಾಪುರದ ನಮ್ಮ ಮನೆಯಲ್ಲಿ ಯಾರೂ ಪಡುವಣ ದಿಕ್ಕಿಗೆ ಕಾಲು ಚಾಚಿ ಮಲಗುತ್ತಿರಲಿಲ್ಲ. ದೇವರು ಇದ್ದದ್ದು ಮೂಡಣ ಗೋಡೆಯ ಗೂಡಿನಲ್ಲಿ. ಅವನ ಕಡೆ ಕಾಲು ಹೋದರೆ ಅವ್ವ ಎರಡು ಮಾತು ಬೈದು ಸುಮ್ಮನಾಗುತ್ತಿದ್ದಳು. ಪಡುವಣಕ್ಕೆ ಹೋದರೆ ಮಾತ್ರ ಆಯಿ, ಅಂದರೆ ನಮ್ಮಪ್ಪನ ತಾಯಿ, ತನ್ನ ಹಾಸಿಗೆಯಿಂದ ಎದ್ದು ಬಂದು, ಬೈಯದೆ, ಮಾತಾಡದೆ, ನಮ್ಮ ಎರಡೂ ಪಾದ ಹಿಡಿದು ಕೌದಿಯ ಸಮೇತ ತಿರುಗಿಸಿ ಇಟ್ಟು ಹೋಗುತ್ತಿದ್ದಳು. ಪಡುವಣಕ್ಕೆ ಹಿತ್ತಲು, ಹಿತ್ತಲಾಚೆ ಉಸುಕಿನ ದಿನ್ನೆ, ದಿನ್ನೆಯಾಚೆ ಹಳ್ಳ. ಆ ದಿನ್ನೆಯೊಳಗೆ ಒಬ್ಬಳು ಮಲಗಿದ್ದಾಳೆ ಎಂದು ಓಣಿಗೆ ಓಣಿಯೇ ನಂಬಿತ್ತು. ಅವಳಿಗೆ ಹೆಸರಿರಲಿಲ್ಲ. 'ಮಲಗಿದಾಕಿ' ಅನ್ನುತ್ತಿದ್ದರು, ಅದನ್ನೂ ದನಿ ತಗ್ಗಿಸಿಯೇ ಅನ್ನುತ್ತಿದ್ದರು. ಅಡಿಗೆ ಮನೆಯ ಕಿಟಕಿಯಿಂದ ನೋಡಿದರೆ ಖರೇನೇ ಹಾಗೆ ಕಾಣುತ್ತಿತ್ತು ನೋಡಿ: ಬಡಗಣಕ್ಕೆ ಎತ್ತರದ ಹೆಗಲು, ನಡುವೆ ತಗ್ಗಿದ ಸೊಂಟ, ಮತ್ತೆ ಏರಿದ ತೊಡೆ. ನಮಗೆ ಬೆನ್ನು ಮಾಡಿ, ಹಳ್ಳಕ್ಕೆ ಮುಖ ಮಾಡಿ, ಒಂದು ಮಗ್ಗುಲಾಗಿ ಮಲಗಿದ ದೊಡ್ಡ ಹೆಂಗಸು.

ಆ ದಿನ್ನೆ ನಮ್ಮ ಮನೆಯ ಒಬ್ಬ ಸದಸ್ಯೆ ಇದ್ದ ಹಾಗೆಯೇ. ಮಳೆಗಾಲದಲ್ಲಿ ಹಳ್ಳ ಎಲ್ಲಿಂದಲೋ ಉಸುಕು ಹೊತ್ತು ತಂದು ತನ್ನ ಪಾತ್ರದಲ್ಲಿ ಚೆಲ್ಲಿ ಹೋಗುತ್ತಿತ್ತು. ಬೇಸಿಗೆಯಲ್ಲಿ ಹಳ್ಳ ಬತ್ತಿದಾಗ ಪಡುವಣ ಗಾಳಿ ಆ ಉಸುಕನ್ನು ಎತ್ತಿ ದಿನ್ನೆಯ ಮೇಲೆ ಸುರಿಯುತ್ತಿತ್ತು. ಉಳಿದದ್ದು ನಮ್ಮ ಮನೆಗೆ ಬರುತ್ತಿತ್ತು. ಹಾಸಿಗೆಯಲ್ಲಿ ಉಸುಕು, ಜಡೆಯಲ್ಲಿ ಉಸುಕು, ಶೇಂಗಾ ಹಿಂಡಿಯಲ್ಲಿ ಉಸುಕು. ನಮ್ಮ ಮನೆಯ ರೊಟ್ಟಿ ಹಲ್ಲಿಗೆ ಕರ್ ಅನ್ನದಿದ್ದರೆ ನನಗೆ ಊಟ ಮಾಡಿದಂತೆಯೇ ಆಗುತ್ತಿರಲಿಲ್ಲ. ದಿನ್ನೆ ನಿಂತಲ್ಲಿ ನಿಲ್ಲುತ್ತಲೂ ಇರಲಿಲ್ಲ, ವರ್ಷ ವರ್ಷ ಒಂದಿಷ್ಟು ಮನೆಯ ಕಡೆ ಸರಿಯುತ್ತಿತ್ತು. ನಾನು ಹುಟ್ಟುವ ಮುಂಚೆ ಹಿತ್ತಲ ಅಂಚಿನಲ್ಲಿದ್ದ ಬೇವಿನ ಮರ ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಕುತ್ತಿಗೆವರೆಗೆ ಹೂತು ಹೋಗಿತ್ತು. ಅದರ ಟೊಂಗೆಗಳು ಉಸುಕಿನಿಂದ ನೇರವಾಗಿ ಎದ್ದಿದ್ದವು, ನಿಂತಲ್ಲೇ ಮುಳುಗಿದ ಮನುಷ್ಯನ ಕೈಗಳ ಹಾಗೆ. ಮರ ಸತ್ತಿರಲಿಲ್ಲ. ಯುಗಾದಿಗೆ ಆ ಕೈಗಳಲ್ಲಿ ತಪ್ಪದೆ ಹೂ ಬರುತ್ತಿದ್ದವು.

ಎಲ್ಲಕ್ಕಿಂತ ಹೆಚ್ಚಿನ ಭಯ ಬೇಸಿಗೆಯ ಮಧ್ಯಾಹ್ನದ್ದು. ದೆವ್ವ ಅಂದರೆ ಕತ್ತಲು ಎಂದು ಬೇರೆ ಊರಿನವರು ತಿಳಿದಿರಬಹುದು. ನಮ್ಮ ಕಡೆ ನೆತ್ತಿಯ ಮೇಲೆ ಬಿಸಿಲು ನಿಂತು ಓಣಿಯಲ್ಲಿ ನಾಯಿಯೂ ಇಲ್ಲದಿರುವ ಹೊತ್ತು ಅದಕ್ಕಿಂತ ಕೆಟ್ಟದ್ದು. ಆಗ ದಿನ್ನೆ ಗುನುಗುತ್ತಿತ್ತು. ಹಾಡಲ್ಲ, ಅಳುವಲ್ಲ, ಪಕ್ಕದ ಮನೆಯಲ್ಲಿ ಯಾರೋ ಬೀಸುವ ಕಲ್ಲು ತಿರುಗಿಸಿದಂಥ ಒಂದೇ ಸಮನಾದ ಸದ್ದು. ಅದು ಶುರುವಾದರೆ ಅವ್ವ ಮಾತು ನಿಲ್ಲಿಸುತ್ತಿದ್ದಳು. ದಿನ್ನೆಯ ಮೇಲಿನ ಇನ್ನೊಂದು ವಿಚಿತ್ರವನ್ನು ಓಣಿಯವರು ಸಂಬಂಧಿಕರಿಗೆ ತೋರಿಸಲು ಕರೆತರುತ್ತಿದ್ದರು. ಹೋಳಿಹುಣ್ಣಿಮೆ ಕಳೆದ ಮೇಲೆ ಬೆಳಗಾಗುವಷ್ಟರಲ್ಲಿ ದಿನ್ನೆಯ ಮೈಮೇಲೆ ಜಾಲಿ ಮುಳ್ಳಿನ ಸಾಲುಗಳು ತಾವಾಗಿಯೇ ಎದ್ದಿರುತ್ತಿದ್ದವು, ಹಣಿಗೆಯ ಹಲ್ಲಿನ ಹಾಗೆ ಒಂದರ ಹಿಂದೆ ಒಂದು. ಸುತ್ತ ಒಂದೇ ಒಂದು ಹೆಜ್ಜೆಯ ಗುರುತು ಇರುತ್ತಿರಲಿಲ್ಲ. ಮಲಗಿದಾಕಿ ತನ್ನ ತಲೆ ತಾನೇ ಬಾಚಿಕೊಳ್ಳುತ್ತಾಳೆ ಅನ್ನುತ್ತಿದ್ದರು. ಆ ಮುಳ್ಳು ಮುಟ್ಟಿದವರ ಕೈ ಸೆಟೆದುಹೋಗುತ್ತದೆ ಅನ್ನುತ್ತಿದ್ದರು. ದನ ಕಾಯುವವರು ಸುತ್ತು ಹಾಕಿ ಹೋಗುತ್ತಿದ್ದರು. ಉಸುಕಿನ ಗಾಡಿಯವರು ಹಳ್ಳದ ಕೆಳಗಿನ ತಿರುವಿಗೆ ಹೋಗುತ್ತಿದ್ದರು, ನಮ್ಮ ಬಳಿ ಬರುತ್ತಿರಲಿಲ್ಲ.

ಒಂದು ಬೆಳಗು ನಸುಕಿನಲ್ಲೇ ನನಗೆ ಎಚ್ಚರವಾಯಿತು. ಆಯಿಯ ಹಾಸಿಗೆ ಖಾಲಿ ಇತ್ತು. ಹಿತ್ತಲ ಬಾಗಿಲಿಗೆ ಬಂದು ನೋಡಿದರೆ ದಿನ್ನೆಯ ಮೇಲಿಂದ ಯಾರೋ ಹಿಂದು ಹಿಂದಾಗಿ ಇಳಿದು ಬರುತ್ತಿದ್ದರು. ಬೆನ್ನು ನಮ್ಮ ಕಡೆ, ತಲೆ ಬಾಗಿದೆ, ಕೈಯಲ್ಲಿ ಲಕ್ಕಿಗಿಡದ ಟೊಂಗೆ. ಒಂದು ಹೆಜ್ಜೆ ಹಿಂದೆ, ಒಂದು ಸಲ ಗುಡಿಸು. ಒಂದು ಹೆಜ್ಜೆ ಹಿಂದೆ, ಒಂದು ಸಲ ಗುಡಿಸು. ನಾನು ಬಾಗಿಲ ಮರೆಗೆ ಸರಿದೆ. ಕೊನೆಯ ಹೆಜ್ಜೆ ಹಿತ್ತಲ ಮಣ್ಣಿಗೆ ಬಿದ್ದಾಗ ಅದು ತಿರುಗಿತು. ಆಯಿ!

"ಹೆದರಿದ್ಯೇನು? ಹೆದರಬೇಕು. ಅದಕ್ಕೇ ಇಷ್ಟು ಸೊಂಟ ಮುರಕೊಳ್ಳಾಕತ್ತೀನಿ."

"ಆಯಿ, ಮುಳ್ಳು ನೀನೇ ಚುಚ್ಚೋದಾ?"

"ಮತ್ಯಾರು? ನಿಮ್ಮವ್ವ ಚುಚ್ಚತಾಳ? ಯಾರ ಮುಂದನೂ ಬಾಯಿ ಬಿಟ್ಟಿ ಅಂದ್ರ ನಿನ್ನೇ ಅದರಾಗ ಹುಗೀತೀನಿ."

ಹೀಗೆ ನಾನು ಆಯಿಯ ಗುಟ್ಟಿನ ಪಾಲುದಾರಳಾದೆ. ಆಯಿ ನಮ್ಮ ಕಡೆಯವಳಲ್ಲ. ಅಜ್ಜ ಸರಕಾರಿ ರಸ್ತೆಗಳ ರೋಲರ್ ಓಡಿಸುತ್ತಿದ್ದ. ಅಂಕೋಲಾದ ಕಡೆ ಸಮುದ್ರದ ದಂಡೆಗೆ ರಸ್ತೆ ಮಾಡಲು ಹೋದವನು ಕೆಲಸ ಮುಗಿಸಿ ಬರುವಾಗ ಹೆಂಡತಿಯನ್ನು ಕರೆದುಕೊಂಡೇ ಬಂದ. ಅಜ್ಜನ ಅಕ್ಕಂದಿರು ಬಹಳ ವರ್ಷ ಅವಳನ್ನು "ಮೀನಿನ ಊರಾಕಿ" ಎಂದೇ ಕರೆದರು. ಅವಳು ರೊಟ್ಟಿ ಬಡಿಯುವುದನ್ನು ಕಲಿತಳು, ಪುಂಡಿಪಲ್ಯ ಕಲಿತಳು, ನಮ್ಮ ಮಾತನ್ನು ನಮಗಿಂತ ಚಂದ ಕಲಿತಳು. ತವರೂರ ಮಾತಿನಲ್ಲಿ ಅವಳ ಬಳಿ ಉಳಿದಿದ್ದದ್ದು ಒಂದೇ ಶಬ್ದ, ಉಸುಕಿಗೆ ಹೊಯ್ಗೆ ಅನ್ನುತ್ತಿದ್ದಳು. ತೆಂಗಿನಕಾಯಿ ಇಲ್ಲದ ಈ ಸೀಮೆಯಲ್ಲಿ ಶೇಂಗಾ ಅರೆದು ಸಾರು ಮಾಡಿ, ಬಾಯಿಗಿಟ್ಟು, "ಮೋಸ ಅದ, ಆದ್ರೂ ಛಲೋ ಅದ" ಅನ್ನುವಳು. ಅದೇ ಧಾಟಿಯಲ್ಲಿ ಅವಳು ಕಥೆಗಳನ್ನೂ ಹೇಳುತ್ತಿದ್ದಳು. ನನ್ನ ಬಾಯಿಗೆ ಮಾತು ಬಂದದ್ದು ಆ ಹಿತ್ತಲ ಕಟ್ಟೆಯ ಮೇಲೆ.

ದಿನ್ನೆಯ ನೆರಳಿಗೆ ಕುಳಿತು ಅವಳು ತನ್ನ ಊರಿನ ಕಥೆಯನ್ನು ನನಗೊಬ್ಬಳಿಗೇ ಹೇಳಿದಳು.

"ನಮ್ಮೂರಿಗೂ ಸಮುದ್ರಕ್ಕೂ ನಡುವ ಹೊಯ್ಗಿ ದಿನ್ನಿ ಇತ್ತು. ಇದಕ್ಕಿಂತ ಎತ್ತರ. ಮ್ಯಾಲೆಲ್ಲಾ ಕೇದಗಿ ಪೊದಿ, ಕೆಳಗ ಊದಾ ಹೂವಿನ ಬಳ್ಳಿ. ಬಳ್ಳಿ ಹೊಯ್ಗಿ ಹಿಡಿದಿತ್ತು, ಹೊಯ್ಗಿ ಸಮುದ್ರ ಹಿಡಿದಿತ್ತು. ದೋಣಿ ಎಳಿಯಾಕ ಸುತ್ತ ಆಗ್ತದ ಅಂತ ಗಂಡಸರು ನಟ್ಟನಡುವ ಕಡಿದು ಹಾದಿ ಮಾಡಿದ್ರು. ಗಾಡಿ ಹಿಡಿಸೋವಷ್ಟ, ಅಷ್ಟೇ. ಆ ಹಾದ್ಯಾಗ ಮೊದಲ ಗಾಳಿ ಓಡಾಡ್ತು. ಗಾಳಿ ಅಗಲ ಮಾಡ್ತು. ಒಂದು ಮಳಿಗಾಲ ಅದೇ ಹಾದ್ಯಾಗ ಸಮುದ್ರ ಬಂತು."

"ನಿಮ್ಮ ಮನಿಗೆ?"

"ಮೊದಲ ನಮ್ಮ ಮನಿಗೇ. ನನ್ನ ತಂಗಿ ಒಲಿ ಮುಂದ ಕುಂತಿದ್ದಳು."

ಅಷ್ಟಕ್ಕೆ ಆಯಿ ಸೆರಗಿಗೆ ಹತ್ತಿದ ಉಸುಕು ಝಾಡಿಸಿ ಎದ್ದಳು. ಕಮಲಾಪುರಕ್ಕೆ ಬಂದ ಮೊದಲ ದಿನವೇ ಹಿತ್ತಲಿಗೆ ಹೋಗಿ, ಹಳ್ಳದ ದಂಡೆಯ ಈ ದಿನ್ನೆ ನೋಡಿ, ಅಲ್ಲೇ ಕುಳಿತುಬಿಟ್ಟಳಂತೆ. ದಿನ್ನೆ ತುಳಿಯಬೇಡಿ, ಉಸುಕು ಒಯ್ಯಬೇಡಿ, ಇದು ನಿಮ್ಮ ಗೋಡೆ ಎಂದು ಮನೆ ಮನೆಗೆ ಹೇಳಿ ಬಂದಳಂತೆ. ಮೀನಿನ ಊರಾಕಿಯ ಮಾತು ಯಾರು ಕೇಳುತ್ತಾರೆ? ಆಮೇಲೆ ಒಂದು ದಿನ ಬಾವಿಯ ಕಟ್ಟೆಯಲ್ಲಿ ಕೊಡ ಇಳಿಸಿ, ಮುಖ ಬಿಳುಚಿಸಿಕೊಂಡು, "ದಿನ್ನ್ಯಾಗ ಯಾರೋ ಹೆಣ್ಮಗಳು ಮಗ್ಗಲಾ ಬದಲಿಸಿದ್ಳು" ಅಂದಳು. ಅಷ್ಟೇ ಅಂದದ್ದು. ಉಳಿದದ್ದನ್ನು ಓಣಿಯೇ ಕಟ್ಟಿಕೊಂಡಿತು.

ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಅಪ್ಪನ ತಮ್ಮ ಬಸು ಕಾಕಾಗೆ ಕಲಬುರಗಿಯಲ್ಲಿ ಸರಕಾರಿ ಕಚೇರಿಯ ನೌಕರಿಯಾಗಿತ್ತು. ವಾರವೆಲ್ಲ ಸಿಟಿಯಲ್ಲಿ ಒಂದು ಖೋಲಿಯಲ್ಲಿದ್ದು ಶನಿವಾರ ಸಂಜೆಯ ಬಸ್ಸಿಗೆ ಬರುತ್ತಿದ್ದ. ಬರುವಾಗ ಸೂಪರ್ ಮಾರ್ಕೆಟ್ಟಿನಿಂದ ಏನಾದರೂ ತರುತ್ತಿದ್ದ: ಅವ್ವನಿಗೆ ಸ್ಟೀಲ್ ಡಬ್ಬಿ, ಆಯಿಗೆ ಒಂದು ತೆಂಗಿನಕಾಯಿ. ಅವನ ಹೆಂಡತಿ, ನಮ್ಮ ಚಿಗವ್ವ, ನಮ್ಮ ಜೊತೆಗೇ ಪಡುವಣ ಕೋಣೆಯಲ್ಲಿ ಇರುತ್ತಿದ್ದಳು. ಚೊಚ್ಚಲ ಬಸುರಿ. ಆ ಕೋಣೆಯ ಮೂಲೆಯಲ್ಲಿ ಅವಳಿಗೆಂದು ಎರೆಯುವ ನೀರಿನ ಒಲೆ ಹೂಡಿದ್ದರು. ಕಾಕಾ ಸಿಟಿಯ ಅಂಚಿನ ಕೋಟನೂರದಲ್ಲಿ ಜಾಗ ಹಿಡಿದು ಮನೆಯ ಪಾಯ ತೆಗೆಸಿದ್ದ. ಒಂದು ಶನಿವಾರ ಊಟಕ್ಕೆ ಕುಳಿತಾಗ ಆಯಿಯ ಮುಂದೆ ಮಾತು ತೆಗೆದ.

"ಅವ್ವಾ, ಉಸುಕು ಹೊರಗಿಂದ ತರಸೋದ್ಯಾಕ? ಹಿತ್ತಲದಾಗ ಗುಡ್ಡನೇ ಬಿದ್ದದ. ಮುಂದಿನ ವಾರ ಲಾರಿ ಹೇಳ್ತೀನಿ."

"ಆಕಿ ಮಲಗ್ಯಾಳೋ ಬಸ್ಯಾ."

"ಮಲಗಲಿ ಬಿಡು. ಎತ್ಕೊಂಡು ಹೋಗಿ ಸಿಟಿಯಾಗ ಮಲಗಸ್ತೀನಿ. ಆಕಿಗೂ ಫ್ಯಾನಿನ ಗಾಳಿ ಸಿಗಲಿ."

ಅಪ್ಪ ನಕ್ಕ. ಚಿಗವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಆಯಿ ತಟ್ಟೆಯಲ್ಲಿ ಕೈ ತೊಳೆದು ಎದ್ದಳು. ಅಂದು ಮೊದಲ ಸಲ ಅವಳ ಮುಖದಲ್ಲಿ ನಾನು ಸೋಲು ಕಂಡೆ. ಇಷ್ಟು ವರ್ಷ ಊರನ್ನೆಲ್ಲ ಅಂಜಿಸಿದವಳಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಗನನ್ನು ಅಂಜಿಸಲು ಆಗಲಿಲ್ಲ.

ಆ ವಾರ ಗಾಳಿ ಎದ್ದಿತು. ಎರಡು ದಿನ ಬಾಗಿಲು ತೆಗೆಯಲಾಗದಂಥ ಗಾಳಿ. ಅದು ನಿಂತ ಬೆಳಗ್ಗೆ ಚಿಗವ್ವ ಪಡುವಣ ಕೋಣೆಯ ಕಿಟಕಿ ತೆಗೆದವಳು ಕಿಟಾರನೆ ಕಿರುಚಿದಳು. ಎಲ್ಲರೂ ಓಡಿದೆವು. ದಿನ್ನೆಯ ಸೊಂಟದ ತಗ್ಗಿನಲ್ಲಿ, ಗಾಳಿ ಉಸುಕು ಸರಿಸಿದ ಜಾಗದಲ್ಲಿ, ಒಂದು ಕೈ ಮೇಲೆದ್ದಿತ್ತು. ಬಡಕಲು, ಕರ್ರಗೆ, ಮಣಿಕಟ್ಟಿನವರೆಗೆ. ಅದರ ತುಂಬ ಹಸಿರು ಗಾಜಿನ ಬಳೆ. ಬಿಸಿಲಿಗೆ ಬಳೆಗಳು ಮಿನುಗುತ್ತಿದ್ದವು. ಅವ್ವ ನನ್ನ ಕಣ್ಣು ಮುಚ್ಚಿದಳು. ಬೆರಳ ಸಂದಿನಿಂದ ನಾನು ನೋಡುತ್ತಲೇ ಇದ್ದೆ. ಬಳೆ ಮಾರುವ ಮಾಬ್ಬಿ ಚಾಚಿ ನಮ್ಮ ಎದುರು ಮನೆಯವಳು, ಆಯಿಯ ಗೆಳತಿ. ಅವಳೂ ಗದ್ದಲ ಕೇಳಿ ಬಂದಿದ್ದಳು. ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿ, ಆಯಿಯ ಕಿವಿಯ ಹತ್ತಿರ ಬಂದಳು. ಆಯಿಯ ಸೆರಗು ಹಿಡಿದು ನಿಂತಿದ್ದರಿಂದ ನನಗೂ ಕೇಳಿಸಿತು.

"ಆಯಿ, ಯೇ ತೋ ಮೇರೇ ಹಾತ್ ಕಾ ಮಾಲ್ ಹೈ. ಈ ಬಳಿ ನಿಮ್ಮ ಕೈಗೆ ನಾನೇ ಏರಿಸಿದ್ದು."

"ಗಪ್ಪಿರ, ಮಾಬ್ಬಿ."

ಅದು ಕೈಯಲ್ಲ, ಲಕ್ಕಿಗಿಡದ ಒಣ ಟೊಂಗೆ. ಅಜ್ಜ ತೀರಿದ ದಿನ ಬಳೆ ಒಡೆಯಲು ಬಂದ ಹೆಂಗಸರಿಗೆ ಕೈ ಕೊಡದೆ ಆಯಿ ಹಿತ್ತಲಿಗೆ ಹೋಗಿ, ಎಣ್ಣೆ ಹಚ್ಚಿ, ಒಂದೂ ಒಡೆಯದ ಹಾಗೆ ಬಳೆ ಜಾರಿಸಿ ತೆಗೆದಿದ್ದಳು. ಎಸೆಯಲು ಮನಸ್ಸು ಬಾರದೆ ಒಂದು ಟೊಂಗೆಗೆ ಏರಿಸಿ ದಿನ್ನೆಯಲ್ಲಿ ನೆಟ್ಟು ಬಂದಿದ್ದಳು. ಇದನ್ನು ನನಗೆ ಆ ಕೈ ಕಂಡ ದಿನವೇ ಹೇಳಿದಳು. "ಬೇರೆಲ್ಲಿ ಇಡಲಿ? ಯಾರೂ ತುಳಿಯದ ಜಾಗ ಅದೊಂದೇ ಇತ್ತು."

ಶನಿವಾರ ಕಾಕಾ ಬಂದ. ಬ್ಯಾಗು ಇನ್ನೂ ಹೆಗಲ ಮೇಲೇ ಇತ್ತು. ಕಿಟಕಿಯಿಂದ ನೋಡಿದ, ಚಪ್ಪಲಿ ಕಳಚಿದ, ಅಲ್ಲೇ ನೆಲಕ್ಕೆ ಕುಳಿತ. ಹೆಂಡತಿಯ ಹೊಟ್ಟೆಯ ಕಡೆ ನೋಡಿ, ಮತ್ತೆ ಆ ಕೈಯ ಕಡೆ ನೋಡಿದ. ಫ್ಯಾನಿನ ಮಾತು ಅವನ ನಾಲಿಗೆಯ ಮೇಲೆ ಕಹಿಯಾಗಿರಬೇಕು. ಲಾರಿಯ ಮಾತು ಅಲ್ಲಿಗೆ ಮುಗಿಯಿತು. ಆ ಸಂಜೆ ಆಯಿ ಎರಡು ರೊಟ್ಟಿ ಹೆಚ್ಚಿಗೆ ತಿಂದಳು, ನನಗೆ ಕಣ್ಣು ಹೊಡೆದಳು.

ಆದರೆ ಅಂಜಿದ ಮನುಷ್ಯ ದೂರ ಸರಿಯುತ್ತಾನೆ ಎಂದು ಆಯಿ ಲೆಕ್ಕ ಹಾಕಿದ್ದಳು. ಅಂಜಿದ ಕಾಕಾ ಹತ್ತಿರ ಹೋದ. ಮರುದಿನ ಅರಿಷಿಣ ಕುಂಕುಮ ಒಯ್ದ. ಮಂಗಳವಾರ ಓಣಿಯ ಹೆಂಗಸರು ಉಡಿ ತುಂಬಿದರು. ಮುಂದಿನ ಮಂಗಳವಾರ ಪಕ್ಕದ ಹಳ್ಳಿಗಳವರು ಬಂದರು, ಅದರ ಮುಂದಿನದಕ್ಕೆ ಕಲಬುರಗಿಯಿಂದ ಟೆಂಪೋ ಮಾಡಿಕೊಂಡು ಬಂದರು. ಬಸುರಿಯರಿಗೆ ಮುಳ್ಳು ಚುಚ್ಚಬಾರದೆಂದು ಕಾಕಾ ನಟ್ಟನಡುವಿನ ಮುಳ್ಳಿನ ಸಾಲು ಕೀಳಿಸಿದ. ಉಸುಕಿನಲ್ಲಿ ಕಾಲು ಹೂಳುತ್ತದೆಂದು ಶಹಾಬಾದ ಕಲ್ಲಿನ ಮೆಟ್ಟಿಲು ಇಡಿಸಿದ. ಮೆಟ್ಟಿಲು ನಿಲ್ಲಲೆಂದು ಬೆನ್ನು ಕೊರೆಸಿದ. ಸೂಪರ್ ಮಾರ್ಕೆಟ್ಟಿನಿಂದ ಹಿತ್ತಾಳೆಯ ಗಂಟೆ ಬಂತು, ಹಸಿರು ಖಣ ಬಂತು. ಅವನು ಇದನ್ನೆಲ್ಲ ಎಷ್ಟು ಪ್ರೀತಿಯಿಂದ ಮಾಡಿದನೆಂದರೆ, ನೋಡುತ್ತ ನಿಂತ ಆಯಿಗೆ ಬೈಯಲು ಬಾಯಿಯೇ ಬರಲಿಲ್ಲ.

"ನಿಮ್ಮ ದೇವಿ ನನ್ನ ಹಳೀ ಗಿರಾಕಿ ಅದಾಳ, ಆಯಿ," ಮಾಬ್ಬಿ ಚಾಚಿ ಎಲೆಯಡಿಕೆ ಮೆಲ್ಲುತ್ತ ಅನ್ನುತ್ತಿದ್ದಳು. "ಹಸರ ಬಳಿ ಮಾರಿ ಮಾರಿ ನಂಗ ಪುರಸತ್ತಿಲ್ಲ."

"ನಗು, ನಗು. ಮಳಿ ಬಂದ ಮ್ಯಾಲ ನಿನ್ನ ಬಳಿ ಪೆಟ್ಟಿಗಿ ತೇಲತದ, ಆಗ ನಗು."

ನಾಲ್ಕು ಮಂದಿ ನಡೆದ ಜಾಗದಲ್ಲಿ ಉಸುಕು ಹಿಡಿದಿದ್ದ ಕರಿಕೆ ಹುಲ್ಲು ಸತ್ತಿತು. ಕರಿಕೆ ಸತ್ತ ಜಾಗದಲ್ಲಿ ಗಾಳಿ ಕೈ ಹಾಕಿತು. ಪ್ರತಿ ಬೆಳಗ್ಗೆ ಮೆಟ್ಟಿಲುಗಳ ಕೆಳಗೆ ಒಂದೊಂದು ಪೊಟರೆ ಕಾಣುತ್ತಿತ್ತು. ಶನಿವಾರ ಬಂದ ಕಾಕಾ ಕಲ್ಲು ತಗ್ಗಿಸಿ ಇಡಿಸುತ್ತಿದ್ದ, ಗಾಳಿ ಮತ್ತೆ ತೋಡುತ್ತಿತ್ತು. ದಿನ್ನೆಯ ಸೊಂಟ ಎಂದು ನಾನು ನೋಡಿಕೊಂಡು ಬೆಳೆದದ್ದು ಸೀಳಾಗುತ್ತ ಬಂತು. ಆ ಸೀಳಿನ ಎದುರಿಗೆ ನೇರವಾಗಿ ಇದ್ದದ್ದು ಪಡುವಣ ಕೋಣೆ. ದಿನ್ನೆಯ ಗುನುಗೂ ಬದಲಾಯಿತು. ಮೊದಲು ಅದು ಉದ್ದಕ್ಕೂ ಕೇಳುತ್ತಿತ್ತು, ಈಗ ಒಂದೇ ಕಡೆಯಿಂದ, ಸೀಸೆಯ ಬಾಯಿಗೆ ಯಾರೋ ತುಟಿಯಿಟ್ಟು ಊದಿದ ಹಾಗೆ ಕೇಳುತ್ತಿತ್ತು. ಬಂದ ಭಕ್ತರು ಅದಕ್ಕೆ ಕೈ ಮುಗಿಯುತ್ತಿದ್ದರು. ಆಯಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಕೊನೆಗೆ ಒಂದು ಭಾನುವಾರ, ಮಳೆಗಾಲ ಹತ್ತಿರವಾದಾಗ, ಕಾಕಾನ ತಟ್ಟೆಗೆ ರೊಟ್ಟಿ ಹಾಕುತ್ತ ಆಯಿ ಹೇಳಿಯೇಬಿಟ್ಟಳು.

"ಬಸ್ಯಾ, ಅಲ್ಲಿ ಯಾರೂ ಇಲ್ಲೋ. ಆ ಬಳಿ ನನ್ನವು. ಆಕಿನ್ನ ನಾನೇ ಹುಟ್ಟಿಸೀನಿ."

ಕಾಕಾ ತುತ್ತು ಕೆಳಗಿಟ್ಟ. ಅವನ ಮುಖದಲ್ಲಿ ಸಿಟ್ಟು ಬರಲಿಲ್ಲ, ಹೆಗಲ ಮೇಲಿನ ಮೂಟೆ ಇಳಿಸಿದ ಹಾಗೆ ಮುಖ ಹಗುರಾಯಿತು.

"ಖರೇನ ಅವ್ವಾ? ನನ್ನ ಮ್ಯಾಲ ಆಣಿ?"

"ಖರೇ."

"ಏನೂ ಇಲ್ಲ? ಬರೇ ಉಸುಕು?"

"ಬರೇ ಹೊಯ್ಗಿ."

"ಯಪ್ಪಾ! ಉಳಿದೆ. ಹಂಗಾರ ಲಾರಿ ತರಸ್ಲೇನು?"

ಆಯಿ ಬುಟ್ಟಿಯೊಳಗಿನ ರೊಟ್ಟಿ ನೋಡುತ್ತ ಕುಳಿತಳು. ಒಲೆಯಲ್ಲಿ ಕಟ್ಟಿಗೆ ಚಟ್ ಅಂತು. ಅಲ್ಲಿ ಒಬ್ಬಳು ಇದ್ದಾಳೆ ಅಂದರೆ ಜನ ತುಳಿದು ಕೊಲ್ಲುತ್ತಾರೆ. ಯಾರೂ ಇಲ್ಲ ಅಂದರೆ ಲಾರಿ ಹೊತ್ತು ಒಯ್ಯುತ್ತದೆ.

"ಇಲ್ಲೋ ತಮ್ಮಾ," ಅಂದಳು. "ಸುಮ್ಮ ಅಂದೆ. ಇದ್ದಾಳ."

ಮುಂದಿನ ಮಂಗಳವಾರ ಬೆಳಗ್ಗೆ ಆಯಿ ನನ್ನನ್ನು ಒಳಮನೆಗೆ ಕರೆದು ಬಾಗಿಲು ಹಾಕಿದಳು. ತಲೆಯ ಗಂಟು ಬಿಚ್ಚಿದಳು. ಆಯಿಗೆ ಅಷ್ಟು ಕೂದಲು ಇರುವುದೇ ನನಗೆ ಗೊತ್ತಿರಲಿಲ್ಲ.

"ಇವತ್ತು ನನ್ನ ಮೈಮ್ಯಾಲ ಆಕಿ ಬರ್ತಾಳ."

"ಅಂದ್ರ?"

"ಅಂದ್ರ ಬಂದಂಗ ಮಾಡ್ತೀನಿ, ಖೋಡಿ. ಹಾದಿ ಮುಚ್ಚ್ರಿ, ಮುಳ್ಳು ಹೊಚ್ಚ್ರಿ, ಕೆಳಗ ನಿಂತು ಕೈ ಮುಗೀರಿ. ಇಷ್ಟೇ ಹೇಳೋದು. ನೀ ಮಾತ್ರ ನಗಬ್ಯಾಡ. ಹ್ಯಾಂಗದ ದನಿ ಕೇಳು."

ಗಂಟಲು ಒತ್ತಿ ಹಿಡಿದು ಒಂದೆರಡು ಸಲ ಆಡಿ ತೋರಿಸಿದಳು. ರೇಡಿಯೊದ ಪ್ರದೇಶ ಸಮಾಚಾರದವನಿಗೆ ನೆಗಡಿಯಾದಂತೆ ಇತ್ತು. ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕೆವು. ಕಣ್ಣೀರು ಒರೆಸಿಕೊಳ್ಳುತ್ತಲೇ ಅವಳು ಬಾಗಿಲು ತೆಗೆದು ಬಿಸಿಲಿಗೆ ಇಳಿದಳು.

ನೆತ್ತಿಯ ಮೇಲೆ ಬಿಸಿಲು. ಹಿತ್ತಲ ತುಂಬ ಜನ. ಕಾಕಾ ರಜೆ ಹಾಕಿ ಬಂದು ಮೆಟ್ಟಿಲ ಬುಡದಲ್ಲಿ ಕಾಯಿ ಒಡೆಯುತ್ತಿದ್ದ. ಆಯಿ ಕೂದಲು ಹರಡಿಕೊಂಡು ಜನದ ನಡುವೆ ನುಗ್ಗಿ ನಿಂತಳು. ಗಂಟೆ ನಿಂತಿತು.

"ಹಾದಿ ಮುಚ್ಚ್ರೀ!" ನೆಗಡಿಯ ದನಿ. ನಾನು ಕೆನ್ನೆಯ ಒಳಮೈ ಕಚ್ಚಿಕೊಂಡೆ. "ನನ್ನ ಬೆನ್ನ ಮ್ಯಾಲ ಮೆಟ್ಟಲ ಹಾಕೀರೇನು? ಮುಳ್ಳು ಹೊಚ್ಚ್ರೀ! ಕೆಳಗ ನಿಂತು..."

ಅಲ್ಲಿಗೆ ಮಾತು ಕಡಿಯಿತು. ಮರೆತಳೆಂದು ನಾನು ತುಟಿ ಅಲ್ಲಾಡಿಸಿ ತೋರಿಸಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಆಗಲೇ ನನಗೆ ಗೊತ್ತಾದದ್ದು, ದಿನ್ನೆಯ ಗುನುಗು ನಿಂತಿದೆ. ಗಾಳಿ ಇತ್ತು. ಹೆಂಗಸರ ಸೆರಗು ಹಾರುತ್ತಿದ್ದವು. ಸದ್ದು ಮಾತ್ರ ನಿಂತಿತ್ತು. ಆಯಿಯ ಕೈಗಳು ಎರಡೂ ಬದಿಗೆ ನೇರ ಇಳಿದವು. ಮತ್ತೆ ಬಾಯಿ ತೆರೆದಾಗ ಬಂದ ದನಿ ದೊಡ್ಡದಲ್ಲ, ಒತ್ತಿ ಹಿಡಿದದ್ದಲ್ಲ. ಅಂಗಳದಲ್ಲಿ ನಿಂತು ಮನೆಯೊಳಗಿನವರನ್ನು ಕರೆಯುವ ಯಾವಳೋ ಹೆಂಗಸಿನ ದನಿ. ಅದು ನಮ್ಮ ಮಾತಾಗಿರಲಿಲ್ಲ.

"ಪಡುಕೋಣೆ ಖಾಲಿ ಮಾಡಿ. ಒಲೆ ಮುಂದೆ ಕೂತವಳ್ನ ಎಬ್ಬಿಸಿ. ಎಬ್ಬಿಸ್ರೇ! ನೀರು ಬರ್ತದೆ."

ಎರಡು ಸಲ ಅಂದಳು. ಆಮೇಲೆ ಮೊಣಕಾಲ ಮೇಲೆ ಕುಸಿದಳು. ಮಾಬ್ಬಿ ಚಾಚಿ ಓಡಿಬಂದು ತಲೆ ಹಿಡಿದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಪಡುವಣ ಕೋಣೆಯ ಒಲೆಯ ಮುಂದೆ ಕುಳಿತಿದ್ದ ಚಿಗವ್ವ ತಾನಾಗಿಯೇ ಎದ್ದು ಹೊರಗೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕಾಕಾ ಒಡೆದ ಕಾಯಿಯ ಎರಡು ಹೋಳು ಎರಡು ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದ.

ಸಂಜೆಯೊಳಗೆ ಮೆಟ್ಟಿಲು ಕಿತ್ತರು. ಕಾಕಾ ತಾನೇ ಜಾಲಿ ಕಡಿದು ಕೈಯೆಲ್ಲ ರಕ್ತ ಮಾಡಿಕೊಂಡು ಸೀಳಿಗೆ ಮುಳ್ಳು ತುಂಬಿಸಿದ. ಹಳ್ಳದ ಉಸುಕನ್ನು ಚೀಲದಲ್ಲಿ ಕಟ್ಟಿ ಓಣಿಯವರೆಲ್ಲ ಹೊತ್ತರು. ಮೆಟ್ಟಿಲಿನ ಕಲ್ಲುಗಳು ಹಿತ್ತಲ ಅಂಚಿನಲ್ಲಿ ಸಾಲಾಗಿ ಬಿದ್ದವು, ಜನ ಅಲ್ಲಿಂದಲೇ ಕೈ ಮುಗಿದರು. ಚಿಗವ್ವನ ಹಾಸಿಗೆ, ಪೆಟ್ಟಿಗೆ, ಎರೆಯುವ ಹಂಡೆ ನಡುಮನೆಗೆ ಬಂದವು. ಪಡುವಣ ಕೋಣೆಗೆ ಚಿಲಕ ಬಿತ್ತು. ಗಾಳಿ ಮುಳ್ಳಿಗೆ ಉಸುಕು ತಂದು ಕೊಡುತ್ತ ಹೋಯಿತು. ಸೀಳು ಮೊಣಕಾಲು ಮಟ್ಟ ತುಂಬಿತು, ಸೊಂಟದ ಮಟ್ಟ ತುಂಬಿತು. ಆಯಿ ದಿನಾ ಕಿಟಕಿಯಿಂದ ನೋಡಿ "ಇನ್ನೂ ಬೇಕು, ಇನ್ನೂ ಬೇಕು" ಅನ್ನುತ್ತಿದ್ದಳು.

ಸೀಳು ಪೂರ್ತಿ ತುಂಬುವ ಮುಂಚೆಯೇ ಹಳ್ಳ ಬಂತು. ಮಳೆ ಇರಲಿಲ್ಲ. ಸಂಜೆಯ ಬಿಸಿಲು ಹಳದಿಯಾಗಿ ಬಿದ್ದಿತ್ತು, ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. ಎಲ್ಲೋ ಮೇಲಿನ ಹಳ್ಳಿಗಳಲ್ಲಿ ಸುರಿದಿತ್ತಂತೆ. ಅವ್ವ ಅಂಗಳದಲ್ಲಿ ಒಣಮೆಣಸಿನಕಾಯಿ ಹರಡಿದ್ದಳು. ಮೊದಲು ಸದ್ದು ಬಂತು, ದೂರದಲ್ಲಿ ಬಹಳ ಜನ ಒಟ್ಟಿಗೆ ಪಿಸುಗುಟ್ಟಿದಂತೆ. ಆಮೇಲೆ ದಿನ್ನೆಯಾಚೆಯಿಂದ, ಬಿಸಿಲಿನಲ್ಲಿ, ಹಳ್ಳ ಎದ್ದು ನಿಂತಿತು. ಕೆಂಪು ನೀರು ದಿನ್ನೆಯ ಹೆಗಲಿಗೆ ಬಡಿಯಿತು, ತೊಡೆಗೆ ಬಡಿಯಿತು, ತಿರುಗಿತು. ಸೊಂಟದ ತಗ್ಗಿನಲ್ಲಿ ಮಾತ್ರ ಮುಳ್ಳಿನ ಮೇಲೇರಿ ಈಚೆ ಇಳಿದು, ನೇರ ಬಂದು ಪಡುವಣ ಕೋಣೆಗೆ ಹೊಡೆಯಿತು. ಮಣ್ಣಿನ ಗೋಡೆ ಒಡೆಯಲಿಲ್ಲ. ದಣಿದವರು ಕೂರುವ ಹಾಗೆ ಮೆತ್ತಗೆ ಕೂತಿತು. ಮಾಡು ಅದರ ಮೇಲೆ ಬಿತ್ತು. ಒಲೆ ಇದ್ದ ಮೂಲೆಯಲ್ಲಿ ನೀರು ಸುತ್ತು ತಿರುಗಿತು. ಮುಳ್ಳು ಹಿಡಿದ ಉಸುಕು ಅಷ್ಟು ಹೊತ್ತು ತಡೆಯಿತು. ಹಳ್ಳದ ತಲೆ ತಗ್ಗಿದ ಮೇಲೆ ಬಂದದ್ದು ಹಿತ್ತಲಲ್ಲೇ ನಿಂತಿತು. ನಡುಮನೆಯ ಹೊಸ್ತಿಲು ಒದ್ದೆಯಾಗಲಿಲ್ಲ. ಅಂಗಳದಲ್ಲಿ ಅವ್ವನ ಮೆಣಸಿನಕಾಯಿ ಬಿಸಿಲು ಕಾಯುತ್ತಲೇ ಇದ್ದವು.

ಮನೆ ರಿಪೇರಿಯಾಗುವವರೆಗೆ ಎಲ್ಲರೂ ಕೋಟನೂರದ ಅರ್ಧ ಕಟ್ಟಿದ ಮನೆಗೆ ಹೋದೆವು. ಬಾಗಿಲು ಇತ್ತು, ಕಿಟಕಿಗಳಿಗೆ ಗೋಣಿತಟ್ಟು. ಕಾಕಾ ಉಸುಕನ್ನು ಬೇರೆ ಕಡೆಯಿಂದ ತರಿಸಿದ್ದ. ಚಿಗವ್ವನಿಗೆ ಕಲಬುರಗಿಯ ದವಾಖಾನೆಯಲ್ಲಿ ಹೆಣ್ಣುಮಗು ಆ ತಿಂಗಳೇ ಹುಟ್ಟಿತು. ಆಯಿ ಮೊಮ್ಮಗಳನ್ನು ಎತ್ತಿಕೊಂಡು ಎಲ್ಲರನ್ನೂ ನಗಿಸುತ್ತಿದ್ದಳು, ಆದರೆ ಮಧ್ಯಾಹ್ನವಾದರೆ ತಲೆ ಎತ್ತಿ ಏನೋ ಕೇಳಿಸಿಕೊಳ್ಳುವವಳಂತೆ ಕೂರುತ್ತಿದ್ದಳು. ರಸ್ತೆಯ ಆಟೋಗಳ ಸದ್ದು ಬಿಟ್ಟರೆ ಅಲ್ಲಿ ಏನಿತ್ತು? ಒಂದು ದಿನ ಇಬ್ಬರೇ ಬಾಗಿಲಲ್ಲಿ ಕುಳಿತು ಮೆಂತ್ಯದ ಸೊಪ್ಪು ಸೋಸುತ್ತಿದ್ದೆವು.

"ಆಯಿ, ಆವತ್ತು ಭಾಳ ಛಲೋ ಆಡಿದಿ."

"ಅರ್ಧಾ ಆಡಿದೆ."

"ಉಳದರ್ಧಾ?"

"ಅದನ್ನ ನಿನ್ನೇ ಕೇಳಬೇಕಂತಿದ್ದೆ. ಮುಳ್ಳು ಹೊಚ್ಚ್ರಿ ಅಂದದ್ದು ನೆನಪದ. ಆಮ್ಯಾಲ ಮಾಬ್ಬಿ ತೊಡಿ ಮ್ಯಾಲ ತಲಿ ಇತ್ತು. ನಡುವ ಏನಂದೆ?"

ತಮಾಷೆ ಮಾಡುತ್ತಿದ್ದಾಳೆಂದು ಮುಖ ನೋಡಿದೆ. ತಮಾಷೆ ಇರಲಿಲ್ಲ. ಆ ಮಾತುಗಳನ್ನು ಅದೇ ಧಾಟಿಯಲ್ಲಿ, ನನಗೆ ಬಂದಷ್ಟು, ಆಡಿ ತೋರಿಸಿದೆ. ಒಲೆಯ ಮಾತಿಗೆ ಬಂದಾಗ ಅವಳ ಕೈ ಸೊಪ್ಪಿನಲ್ಲೇ ನಿಂತಿತು.

"ನಮ್ಮವ್ವ ಅಂದದ್ದು ಅದು," ಅಂದಳು. "ಸಮುದ್ರ ಬಂದ ದಿನ ಅಂಗಳದಾಗ ನಿಂತು ಒದರಿದ್ಳು. ನಾವ್ಯಾರೂ ಕೇಳಿಸಿಕೊಳ್ಳಲಿಲ್ಲ. ಇಷ್ಟು ವರ್ಷದಾಗ ಆ ಮಾತು ನಾ ಯಾರ ಮುಂದೂ ಆಡಿಲ್ಲವ್ವ. ನಿಮ್ಮಜ್ಜನ ಮುಂದ ಸೈತ."

ಓದಿದವಳಾಗಿ ನಾನು ಇದಕ್ಕೆ ಹತ್ತು ವಿವರಣೆ ಕೊಡಬಲ್ಲೆ. ಸೀಳಿನ ಎದುರಿಗೆ ಯಾವ ಕೋಣೆ ಇದೆ ಎಂದು ಆಯಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮನಸ್ಸಿನ ತಳದಲ್ಲಿ ಹೂತದ್ದು ಮೇಲೆ ಬರುವುದಿಲ್ಲವೇ? ಬರುತ್ತದೆ. ಆದರೆ ಕಥೆ ಹೇಳುವುದು ನನ್ನ ಕಸುಬಾದ ಮೇಲೂ, ಹೇಳುತ್ತ ಹೇಳುತ್ತ ನಾನು ಆಡಬೇಕೆಂದಿದ್ದದ್ದು ಮುಗಿದು ಬಾಯಿ ಮಾತ್ರ ಆಡುತ್ತಿರುವ ಜಾಗ ಬಂದಾಗ, ಆ ಹತ್ತು ವಿವರಣೆಗಳಲ್ಲಿ ಒಂದೂ ನನ್ನ ಕೈ ಹಿಡಿದಿಲ್ಲ.

"ನಡಿ," ಅಂದಳು ಆಯಿ, ಸೊಪ್ಪು ಅಲ್ಲೇ ಬಿಟ್ಟು. "ಅಲ್ಲಿ ಯಾರೂ ಇಲ್ಲ ಅಂತ ಇಷ್ಟು ದಿನ ಧೈರ್ಯಲೇ ಓಡಾಡೀನಿ. ಆಕಿಗೊಂದು ಮಾತು ಹೇಳಿ ಬರಬೇಕು."

ಮಧ್ಯಾಹ್ನದ ಬಸ್ಸಿಗೆ ಕಮಲಾಪುರಕ್ಕೆ ಹೋದೆವು. ಮನೆ ಬೀಗ ಹಾಕಿತ್ತು, ನಾವು ಒಳಗೂ ಹೋಗಲಿಲ್ಲ. ಬಿದ್ದ ಗೋಡೆಯ ಪಕ್ಕದಿಂದ ನೇರ ಹಿತ್ತಲಿಗೆ ನಡೆದಳು. ಎಷ್ಟೋ ವರ್ಷ ದಿನ್ನೆಯನ್ನು ತನ್ನ ಜಗಲಿಯ ಹಾಗೆ ಹತ್ತಿ ಇಳಿದವಳು ಈಗ ಅದರ ಬುಡಕ್ಕೆ ಬಂದು ನಿಂತುಬಿಟ್ಟಳು. ಚಪ್ಪಲಿ ಬಿಟ್ಟಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಬರಲೇನವ್ವ?" ಅಂದಳು.

ಕಾದಳು. ನಾನೂ ಕಾದೆ. ಬಿಸಿಲು ಸುಮ್ಮನೆ ಸುರಿಯುತ್ತಿತ್ತು, ಗಾಳಿ ಇರಲಿಲ್ಲ. ನನಗೆ ಏನೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆಯಿ ತಲೆಯಾಡಿಸಿ, ಒಂದು ಹೆಜ್ಜೆ ಹಿಂದೆ ಸರಿದು, ನನ್ನ ರಟ್ಟೆ ಹಿಡಿದಳು. ಅವಳ ಕೈ ತಣ್ಣಗಿತ್ತು.

"ಇವತ್ತು ಬ್ಯಾಡಂತ," ಅಂದಳು. "ನಾಳಿ ಬರೋಣು."